ಆಂಪ್ಲಿಫೈಯರ್ ಬಿಟ್ಟು ಡ್ರೋನ್ ಹಿಡಿದೆ, ತಪ್ಪೇನು?

ಮೊನ್ನೆ ರವಿವಾರ ಸಂಘದ ಹಳೆಯ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ಮೂವತ್ತು ವರ್ಷದ ಪರಿಚಯ. ಚಹಾ ಕುಡಿಯುತ್ತಾ ಬಾಲ್ಕನಿ ಪಕ್ಕದ ನನ್ನ ಮೇಜಿನ ಕಡೆ ಕಣ್ಣು ಹಾಯಿಸಿದರು. ಮೊದಲು ಅಲ್ಲಿ ಟ್ರಾನ್ಸ್‌ಫಾರ್ಮರು, ಹೀಟ್‌ಸಿಂಕು, ಹೊಟ್ಟೆ ಬಿಚ್ಚಿಟ್ಟ ಆಂಪ್ಲಿಫೈಯರು ಇರುತ್ತಿದ್ದವು. ಈಗ ಅಂಗೈ ಅಗಲದ, ನಾಲ್ಕು ಕಾಲಿನ ಒಂದು ಕರಿ ಪ್ರಾಣಿ ಕೂತಿತ್ತು.

"ಅಲ್ರೀ, ಈ ವಯಸ್ಸಿನಾಗ ಗಾಳಿಪಟ ಹಾರಸ್ಲಿಕ್ಕೆ ಹತ್ತೀರೇನು? ಮನಿ ತುಂಬ ಮನ್ಸೂರರ ಹಾಡು ಕೇಳಸೋ ಕೆಲಸ ಬಿಟ್ಟು!" ಅಂದರು.

ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದವರ ಜೊತೆ ವಾದ ಮಾಡಬಾರದು ಅಂತ ನಮ್ಮ ಮನೆಯವರ ಆಜ್ಞೆ ಇದೆ. ಆದರೆ ಆ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಗುಂಯ್‌ಗುಡುತ್ತಿದೆ. ಅವರಿಗೆ ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನೀವೇ ಹೇಳಿ.

ನನ್ನ ಹಳೆಯ ಹುಚ್ಚಿನ ಬಗ್ಗೆ ಮೊದಲು ಸ್ವಲ್ಪ. ನಮ್ಮೂರು ಧಾರವಾಡದ ಹತ್ತಿರ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬ ಸದಸ್ಯನ ಹಾಗೆ ಇತ್ತು. ನಮ್ಮಪ್ಪನ ವಾಲ್ವ್ ರೇಡಿಯೋ ಬಿಸಿಯಾಗಲು ಒಂದು ನಿಮಿಷ ಬೇಕಾಗುತ್ತಿತ್ತು. ಆಮೇಲೆ ಮೆಲ್ಲಗೆ ತಂಬೂರಿಯ ನಾದ ಕೇಳಿಸುತ್ತಿತ್ತು. ಹಾಡು ನನಗೆ ಅರ್ಥವಾಗುತ್ತಿರಲಿಲ್ಲ. ಆದರೆ ಆ ತಂಬೂರಿಯ ಜವಾರಿ, ತಂತಿ ಮೀಟಿದ ಮೇಲೆ ಬಿಡಿಸಿಕೊಳ್ಳುತ್ತಾ ಹೋಗುವ ಝೇಂಕಾರ ಇದೆಯಲ್ಲ, ಅದು ಎಲ್ಲಿಂದ ಬರುತ್ತದೆ ಎಂದು ರೇಡಿಯೋ ಹಿಂದೆ ಹೋಗಿ ಇಣುಕುತ್ತಿದ್ದೆ. ಅಲ್ಲಿ ಕೆಂಡದ ಹಾಗೆ ಹೊಳೆಯುವ ವಾಲ್ವ್‌ಗಳು ಮಾತ್ರ ಕಾಣುತ್ತಿದ್ದವು.

1984ರಲ್ಲಿ ನೌಕರಿಗೆಂದು ಮುಂಬಯಿಗೆ ಬಂದೆ. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮೊದಲ ಸಂಬಳದಲ್ಲಿ ಊರಿಗೆ ಕಳಿಸಿ ಉಳಿದ ದುಡ್ಡು ಹಿಡಿದುಕೊಂಡು ಹೋದದ್ದು ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಗೆ. ಮುಂಬಯಿಯಲ್ಲಿರುವ ಓದುಗರಿಗೆ ಆ ರಸ್ತೆಯ ಬಗ್ಗೆ ಹೇಳಬೇಕಿಲ್ಲ. ರೆಸಿಸ್ಟರು, ಕೆಪಾಸಿಟರುಗಳನ್ನು ಕಿರಾಣಿ ಅಂಗಡಿಯ ಜೀರಿಗೆ ಸಾಸಿವೆಯ ಹಾಗೆ ಡಬ್ಬಿಗಳಲ್ಲಿ ಇಟ್ಟು ಮಾರುವ ಜಾಗ ಅದು. 2ಎನ್3055 ಟ್ರಾನ್ಸಿಸ್ಟರುಗಳ ಜೋಡಿ, 4700 ಮೈಕ್ರೋಫ್ಯಾರಡ್ ಕೆಪಾಸಿಟರು ಎರಡು, ಒಂದು ಭಾರದ ಟ್ರಾನ್ಸ್‌ಫಾರ್ಮರು. ಅಲ್ಲಿಂದ ಶುರುವಾದದ್ದು ಹೆಚ್ಚುಕಡಿಮೆ 38 ವರ್ಷ ನಡೆಯಿತು. ಆಮೇಲೆ ಎಲ್‌ಎಂ3886 ಎಂಬ ಐಸಿ ಬಂತು. ಒಂದೇ ಚಿಪ್ಪಿನಲ್ಲಿ ಒಳ್ಳೆಯ ಆಂಪ್ಲಿಫೈಯರ್! ಅದರಲ್ಲೇ ಎಷ್ಟು ಕಟ್ಟಿದೆನೋ ಲೆಕ್ಕವಿಲ್ಲ. ಸಂಘದ ಸಭಾಂಗಣದ ಧ್ವನಿ ವ್ಯವಸ್ಥೆಯೂ ನನ್ನ ಕೈಗೇ ಬಂತು. ಮಕ್ಕಳು "ಸೌಂಡ್ ಅಂಕಲ್" ಅಂತ ಕರೆಯತೊಡಗಿದರು. ಒಳಗೊಳಗೆ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಇದ್ದದ್ದನ್ನು ಬಿಟ್ಟಿದ್ದು ಯಾಕೆ?

2022ರ ನವೆಂಬರ್. ರಾಜ್ಯೋತ್ಸವದ ಕಾರ್ಯಕ್ರಮ. ಯಥಾಪ್ರಕಾರ ನಾನು ಹಿಂದೆ ಮಿಕ್ಸರ್ ಮುಂದೆ ಕೂತಿದ್ದೆ. ವೇದಿಕೆಯಲ್ಲಿ ಭಾಷಣ ನಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತ ಮಕ್ಕಳು ಒಬ್ಬೊಬ್ಬರಾಗಿ ಕಿವಿ ಮುಚ್ಚಿಕೊಳ್ಳತೊಡಗಿದರು. ಭಾಷಣ ಬೇಸರವಾಗಿ ಕುಚೇಷ್ಟೆ ಮಾಡುತ್ತಿವೆ ಅಂದುಕೊಂಡೆ. ಎದ್ದು ಹೋಗಿ ಕಣ್ಣು ಕೆಂಪು ಮಾಡಿ ಒಂದು ಹುಡುಗನ ಕೈ ಎಳೆದು ಕೆಳಗಿಳಿಸಿದೆ ಕೂಡ. ಅವನು ಅಳುಮೋರೆ ಮಾಡಿಕೊಂಡು ಕೂತ. ಅಷ್ಟರಲ್ಲಿ ನಮ್ಮ ಮನೆಯವರು ಹೆಂಗಸರ ಸಾಲಿನಿಂದ ಎದ್ದು ಬಂದು ಕಿವಿಯಲ್ಲಿ, "ನಿಮಗ ಖರೇನ ಕೇಳಸ್ಲಿಲ್ಲೇನು? ಸೂಜಿಲೆ ಚುಚ್ಚಿದಂಗ ಒಂದ ಸಮ ಕೂಗ್ಲಿಕ್ಕೆ ಹತ್ತೇತಿ!" ಅಂದರು.

ನನಗೆ ಏನೂ ಕೇಳಿಸುತ್ತಿರಲಿಲ್ಲ.

ಮೈಕಿನ ಮಟ್ಟ ಇಳಿಸಿದೆ. ಮಕ್ಕಳ ಕೈ ಕೆಳಗಿಳಿಯಿತು. ಮೈಕಿನಿಂದ ಸ್ಪೀಕರಿಗೆ, ಸ್ಪೀಕರಿನಿಂದ ಮತ್ತೆ ಮೈಕಿಗೆ ಧ್ವನಿ ಸುತ್ತಿ ಸುತ್ತಿ ಹುಟ್ಟುವ ಸೀಟಿ ಅದು. ಮುಂದಿನ ವಾರ ಖಾಲಿ ಸಭಾಂಗಣಕ್ಕೆ ಒಬ್ಬನೇ ಹೋಗಿ, ಅದೇ ಮೈಕು ಅದೇ ಜಾಗದಲ್ಲಿಟ್ಟು, ಮೊಬೈಲಿನಲ್ಲಿ ಧ್ವನಿಯ ಕಂಪನಾಂಕ ತೋರಿಸುವ ಆ್ಯಪ್ ಹಾಕಿದೆ. ಮಟ್ಟ ಏರಿಸುತ್ತಾ ಹೋದಂತೆ ಪರದೆಯ ಬಲತುದಿಯಲ್ಲಿ, 9000 ಹರ್ಟ್ಜ್ ಆಸುಪಾಸಿನಲ್ಲಿ, ತೆಂಗಿನಮರದ ಹಾಗೆ ಒಂದು ಗೆರೆ ಎದ್ದು ನಿಂತಿತು. ಸಭಾಂಗಣ ನನ್ನ ಪಾಲಿಗೆ ನಿಶ್ಶಬ್ದವಾಗಿತ್ತು. ಹೊರಗಿನಿಂದ ಕಾವಲುಗಾರ ಕಿವಿ ಮುಚ್ಚಿಕೊಂಡು ಓಡಿ ಬಂದ!

ಕಿವಿ ಡಾಕ್ಟರು ಪರೀಕ್ಷೆ ಮಾಡಿ ಒಂದು ನಕ್ಷೆ ಕೊಟ್ಟರು. ಎಡದಿಂದ ಬಲಕ್ಕೆ ಹೋಗುವ ಗೆರೆ 2000 ಹರ್ಟ್ಜ್ ತನಕ ಪರವಾಗಿಲ್ಲ. ಅಲ್ಲಿಂದಾಚೆ ಘಟ್ಟ ಇಳಿದ ಹಾಗೆ ಇಳಿದುಬಿಟ್ಟಿತ್ತು. "ವಯಸ್ಸಿಗೆ ಸಹಜ, ಮೊದಲು ಹೋಗುವುದು ಮೇಲಿನ ಸ್ವರಗಳೇ" ಅಂದರು. ಮಾತು ಕೇಳುತ್ತದೆ, ಹಾಡು ಕೇಳುತ್ತದೆ, ಆದ್ದರಿಂದ ಹೋದದ್ದು ಗೊತ್ತೇ ಆಗುವುದಿಲ್ಲವಂತೆ. ತಂಬೂರಿಯ ಝೇಂಕಾರದ ಹೆಚ್ಚಿನ ಮಿಂಚು ಇರುವುದು ಆ ಮೇಲಿನ ಸ್ವರಗಳಲ್ಲೇ.

ಈಗ ಯೋಚಿಸಿ. ಅದಕ್ಕೂ ಹಿಂದಿನ ಎಷ್ಟೋ ವರ್ಷ ನಾನು ಏನು ಮಾಡುತ್ತಿದ್ದೆ? ಈ ಕೆಪಾಸಿಟರ್ ಹಾಕಿದರೆ ಮೇಲಿನ ಸ್ವರ ತಿಳಿಯಾಗುತ್ತದೆ, ಆ ವೈರು ಹಾಕಿದರೆ ಧ್ವನಿಗೆ ಬಿಸುಪು ಬರುತ್ತದೆ ಅಂತ ಮನೆಗೆ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಅವರೂ ತಲೆ ಆಡಿಸುತ್ತಿದ್ದರು. ನಾನು ಹೇಳಿದ್ದು ತಪ್ಪು ಎಂದು ತೋರಿಸುವವರು ಯಾರೂ ಇರಲಿಲ್ಲ. ಆಡಿಯೋ ಹವ್ಯಾಸದ ಸುಖವೂ ಅದೇ, ಅಪಾಯವೂ ಅದೇ. ಅಳತೆ ಮಾಡುವ ಶಿಸ್ತು ಇರುವವರ ಮಾತು ಬೇರೆ. ನನ್ನಂಥವರು ಮಾತ್ರ ಕಿವಿಯನ್ನೇ ನಂಬುತ್ತೇವೆ. ಆ ಕಿವಿ ದುಬಾರಿ ಸಾಮಾನು ಹಾಕಿದ ದಿನ ಚೆನ್ನಾಗಿದೆ ಎಂದೇ ಹೇಳುತ್ತದೆ.

ಆಮೇಲೆ ಕೆಲವು ತಿಂಗಳು ಬೆಸುಗೆ ಕಡ್ಡಿ ಮುಟ್ಟಲಿಲ್ಲ.

ಡ್ರೋನ್ ಬಂದದ್ದು ಮೂರನೇ ಮಹಡಿಯ ಹುಡುಗನಿಂದ. ಮರಾಠಿ ಮಾತಾಡುವ, ಇಂಜಿನಿಯರಿಂಗ್ ಓದುವ ಹುಡುಗ. ನಮ್ಮ ಕಡೆ ಬಂದರೆ ಚಕ್ಕುಲಿ ಮುಗಿಸದೆ ಹೋಗುವವನಲ್ಲ. 2023ರ ಬೇಸಿಗೆಯಲ್ಲಿ ಒಂದು ದಿನ ಸಣ್ಣ ಸರ್ಕ್ಯೂಟ್ ಬೋರ್ಡ್ ತಂದು, "ಕಾಕಾ, ಇದರ ಬೆಸುಗೆ ನನ್ನ ಕೈಲಿ ಆಗ್ತಿಲ್ಲ" ಅಂದ. ಚದರ ಬಿಸ್ಕತ್ತಿನಷ್ಟು ಬೋರ್ಡು. ಅದರ ಮೇಲೆ ಒಂದು ಪ್ರೊಸೆಸರು, ಒಂದು ಗೈರೋಸ್ಕೋಪು, ನಾಲ್ಕು ಮೋಟಾರುಗಳಿಗೆ ತಲಾ ಮೂರು ತಂತಿ. ಬೆಸುಗೆ ಹಾಕುತ್ತಾ ಕೇಳಿದೆ, ಇದು ಮಾಡುವುದೇನು ಅಂತ. ಅವನು ವಿವರಿಸಿದ್ದು ಕೇಳಿ ನಾನು ಕಡ್ಡಿ ಕೆಳಗಿಟ್ಟೆ. ಯಾಕೆಂದರೆ ಅದು ನನಗೆ ಗೊತ್ತಿದ್ದ ಕಥೆ!

ಆಂಪ್ಲಿಫೈಯರ್ ಕಟ್ಟುವವರಿಗೆಲ್ಲ ನೆಗೆಟಿವ್ ಫೀಡ್‌ಬ್ಯಾಕ್ ಗೊತ್ತು. 1927ರ ಆಗಸ್ಟ್ 2ರಂದು, ಅಮೆರಿಕದ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಎಂಬ ಇಂಜಿನಿಯರ್ ಕೆಲಸಕ್ಕೆ ಹೋಗುವಾಗ ಹಡ್ಸನ್ ನದಿಯ ದೋಣಿಯಲ್ಲಿ ಕೂತು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೇ ಗೀಚಿದ ಉಪಾಯ ಅದು. ಹೊರಗೆ ಹೋಗುವ ಧ್ವನಿಯ ಒಂದು ಪಾಲನ್ನು ತಿರುಗಿಸಿ ತಂದು, ಒಳಗೆ ಬಂದ ಮೂಲದ ಜೊತೆ ಹೋಲಿಸುವುದು. ಎಷ್ಟು ತಪ್ಪಾಗಿದೆಯೋ ಅಷ್ಟನ್ನು ಕಳೆಯುವುದು. ಡ್ರೋನೂ ಅದೇ ಕೆಲಸ ಮಾಡುತ್ತದೆ. ನಾನು ಕಡ್ಡಿ ಒತ್ತಿ ಹೇಳಿದ್ದು ಇಷ್ಟು ವಾಲು ಅಂತ, ಗೈರೋಸ್ಕೋಪ್ ಹೇಳುತ್ತಿರುವುದು ಇಷ್ಟು ವಾಲಿದ್ದೇನೆ ಅಂತ. ಎರಡರ ನಡುವಿನ ತಪ್ಪು ನೋಡಿ ನಾಲ್ಕು ಮೋಟಾರುಗಳ ವೇಗ ತಿದ್ದುವುದು, ಅದೂ ಸೆಕೆಂಡಿಗೆ ಸಾವಿರಾರು ಸಲ. ಗಾಳಿಯಲ್ಲಿ ನಿಂತ ಡ್ರೋನ್ ನೋಡಲು ಅಲ್ಲಾಡುವುದಿಲ್ಲ, ನಿಜ. ಆದರೆ ಅದು ಪ್ರತಿ ಕ್ಷಣ ತಪ್ಪುತ್ತಾ, ಪ್ರತಿ ಕ್ಷಣ ತಿದ್ದಿಕೊಳ್ಳುತ್ತಾ ನಿಂತಿರುತ್ತದೆ.

ಸರಿ, ನಾನೂ ಒಂದು ಕಟ್ಟಿದೆ. ಭಾರತ ಸರ್ಕಾರ 2022ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳಿಗೆ ತಡೆ ಹಾಕಲಿಲ್ಲ. ನನ್ನಂಥ ಕಟ್ಟುವ ಚಟದವರಿಗೆ ಅಷ್ಟು ಸಾಕಾಯಿತು. ಮೂರು ಇಂಚಿನ ಪ್ರೊಪೆಲ್ಲರು, ಕಾರ್ಬನ್ ಫೈಬರ್ ಚೌಕಟ್ಟು, ಒಳಗೆ ಬೀಟಾಫ್ಲೈಟ್ ಎಂಬ ಪುಕ್ಕಟೆ ತಂತ್ರಾಂಶ. ಆಡಿಯೋದವನ ಅಭ್ಯಾಸಬಲದಿಂದ ದಪ್ಪ ದಪ್ಪ ವೈರು, ಸ್ಟೀಲ್ ಸ್ಕ್ರೂ, ಗಟ್ಟಿಮುಟ್ಟಾದ ಬೆಸುಗೆ ಹಾಕಿದೆ. ನಮ್ಮ ಲೋಕದಲ್ಲಿ ಭಾರ ಅಂದರೆ ಗುಣ. ಆಂಪ್ಲಿಫೈಯರ್ ಎತ್ತಿ ನೋಡಿ "ಒಳ್ಳೇ ಮಾಲು" ಅನ್ನುವವರು ನಾವು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 281 ಗ್ರಾಂ! 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದು ನ್ಯಾನೋ ವರ್ಗ, ಕಟ್ಟುಪಾಡು ಅತಿ ಕಡಿಮೆ ಇರುವುದು ಅದಕ್ಕೇ. ಸ್ಟೀಲ್ ಸ್ಕ್ರೂ ತೆಗೆದು ಅಲ್ಯೂಮಿನಿಯಂ ಹಾಕಿದೆ. ವೈರು ಸಣ್ಣದು ಮಾಡಿದೆ, ಬ್ಯಾಟರಿ ಚಿಕ್ಕದು ತಂದೆ. ಒಂದೊಂದು ಗ್ರಾಮಿಗೂ ಚಿನ್ನ ತೂಗಿದ ಹಾಗೆ ತೂಗಿ 246ಕ್ಕೆ ಇಳಿಸುವ ಹೊತ್ತಿಗೆ ಎರಡು ವಾರ ಹೋಯಿತು. ತಕ್ಕಡಿ ಮಾತ್ರ ಇನ್ನೂ ಅಡುಗೆಮನೆಗೆ ವಾಪಸ್ಸಾಗಿಲ್ಲ ಎಂಬ ದೂರು ಜಾರಿಯಲ್ಲಿದೆ.

ಮೊದಲ ಹಾರಾಟ ಕಲ್ಯಾಣದಿಂದಾಚೆ, ಗೆಳೆಯರೊಬ್ಬರ ಹೊಲದಲ್ಲಿ. ಕೊಯ್ಲಾದ ಗದ್ದೆ, ಸುತ್ತ ಯಾರೂ ಇಲ್ಲ. ಕಡ್ಡಿ ಮೇಲೆ ಒತ್ತಿದೆ. ಎದ್ದದ್ದೇ ತಡ, ಲಾಗ ಹಾಕಿ ಮೂತಿ ನೆಲಕ್ಕೆ ಬಡಿದುಕೊಂಡಿತು. ಮತ್ತೆ ಇಟ್ಟೆ. ಮತ್ತೆ ಲಾಗ. ಬೋರ್ಡೇ ಕೆಟ್ಟದ್ದು, ಕಂಪನಿಯವರು ಮೋಸ ಮಾಡಿದ್ದಾರೆ ಅಂತ ಶುರು ಮಾಡಿದೆ. ಹುಡುಗ ಬಗ್ಗಿ ನೋಡಿ, "ಕಾಕಾ, ಪ್ರೊಪ್ ಉಲ್ಟಾ ಲಾವ್ಲೇತ ತುಮ್ಹೀ" ಅಂದ. ನಾಲ್ಕರಲ್ಲಿ ಎರಡು ಪ್ರೊಪೆಲ್ಲರು ಗಡಿಯಾರದ ದಿಕ್ಕಿನವು, ಎರಡು ಅದಕ್ಕೆ ವಿರುದ್ಧದವು. ನಾನು ಅದಲುಬದಲು ಹಾಕಿದ್ದೆ. ಅವು ಎತ್ತುವ ಬದಲು ನೆಲಕ್ಕೆ ಒತ್ತುತ್ತಿದ್ದವು. ಅಷ್ಟೇ. ವಾದಕ್ಕೆ ಜಾಗವೇ ಇಲ್ಲ.

ನನ್ನ ಗೆಳೆಯರಿಗೆ ಹೇಳಬೇಕಾಗಿದ್ದ ಮೊದಲ ಮಾತು ಇದು. ಅರವತ್ತು ದಾಟಿದ ಮೇಲೆ ನಮಗೆ ಬೇಕಾದದ್ದು ನಮ್ಮ ತಪ್ಪನ್ನು ಮುಖಕ್ಕೆ ಹೇಳುವ ಹವ್ಯಾಸ. ಮನೆಯಲ್ಲಿ, ಸಂಘದಲ್ಲಿ, ಸೊಸೈಟಿಯಲ್ಲಿ ಎಲ್ಲರೂ "ಹೌದ್ರಿ, ಖರೇ ಐತ್ರಿ" ಅನ್ನುವ ವಯಸ್ಸು ನಮ್ಮದು. ಅದು ಗೌರವ, ಬೇಡ ಅನ್ನುವುದಿಲ್ಲ. ಆದರೆ ಅದೇ ಗೌರವದ ನೆರಳಲ್ಲಿ ನಾನು ಕೇಳಿಸದ ಕಿವಿ ಇಟ್ಟುಕೊಂಡು ವರ್ಷಗಟ್ಟಲೆ ಧ್ವನಿಯ ಪಂಡಿತನಾಗಿ ಮೆರೆದೆ. ಡ್ರೋನಿಗೆ ನನ್ನ ವಯಸ್ಸು ಗೊತ್ತಿಲ್ಲ. ತಪ್ಪಿದರೆ ಬೀಳುತ್ತದೆ.

ಹಳೆಯ ವಿದ್ಯೆ ವ್ಯರ್ಥವಾಯಿತೇ? ಇಲ್ಲ. ಒಂದು ದಿನ ಹುಡುಗನ ಡ್ರೋನ್ ಜೋರಾಗಿ ಓಡಿಸಿದಾಗೆಲ್ಲ ನಡುಗುತ್ತಿತ್ತು. ಮೋಟಾರುಗಳು ಒಮ್ಮೆಲೇ ಕರೆಂಟು ಎಳೆದಾಗ ಬ್ಯಾಟರಿಯ ವೋಲ್ಟೇಜು ಜಗ್ಗಿ, ಗದ್ದಲ ಹುಟ್ಟಿ ಗೈರೋಸ್ಕೋಪಿನ ತಲೆ ಕೆಡಿಸುತ್ತಿದೆ ಎಂದು ನನಗೆ ಅನ್ನಿಸಿತು. ಆಂಪ್ಲಿಫೈಯರಿನ ಪವರ್ ಸಪ್ಲೈಯಲ್ಲಿ ಇದೇ ಕಾಯಿಲೆಗೆ ಎಷ್ಟು ಸಲ ಮದ್ದು ಹಾಕಿಲ್ಲ! ಬ್ಯಾಟರಿ ಬಂದು ಸೇರುವ ಜಾಗದಲ್ಲೇ 470 ಮೈಕ್ರೋಫ್ಯಾರಡ್, 35 ವೋಲ್ಟಿನ ಒಳ್ಳೆಯ ಕೆಪಾಸಿಟರನ್ನು ಕಾಲು ಗಿಡ್ಡ ಮಾಡಿ ಬೆಸೆದೆ. ನಡುಕ ನಿಂತಿತು. ಹುಡುಗ ಅವತ್ತು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಆದರೆ ನೋಡಿ, ಅದು ನಿಜವಾಗಿ ಕೆಲಸ ಮಾಡಿದ ಮೇಲೆ ಸಿಕ್ಕ ನಮಸ್ಕಾರ.

ಇನ್ನೊಂದು ಸಂಗತಿ ಹೇಳಲೇಬೇಕು. ಹಾರಾಟದ ಹೊತ್ತಿನಲ್ಲಿ ಗೈರೋಸ್ಕೋಪ್ ಕಂಡದ್ದನ್ನೆಲ್ಲ ಬೋರ್ಡು ದಾಖಲೆ ಮಾಡಿಕೊಳ್ಳುತ್ತದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಕಂಪನಗಳ ನಕ್ಷೆ ಬರುತ್ತದೆ. ಮೋಟಾರು ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದ್ದರೆ 300 ಹರ್ಟ್ಜ್‌ನಲ್ಲಿ ಒಂದು ಗೆರೆ. ಪ್ರೊಪೆಲ್ಲರಿನ ತುದಿ ಕಲ್ಲಿಗೆ ತಾಗಿ ಸ್ವಲ್ಪ ಮುರಿದಿದ್ದರೆ ಅದೇ ಗೆರೆ ಇನ್ನೂ ಎತ್ತರ. ಮೊದಲ ಸಲ ಆ ನಕ್ಷೆ ನೋಡಿದಾಗ ಖಾಲಿ ಸಭಾಂಗಣದಲ್ಲಿ ಮೊಬೈಲು ಹಿಡಿದು ನಿಂತದ್ದು ನೆನಪಾಯಿತು. ಕಿವಿ ಕೈಕೊಟ್ಟ ಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಕಣ್ಣಿನಿಂದಲೂ ಕೇಳಿಸಿಕೊಳ್ಳಬಹುದು ಅಂತ ಯಾರಿಗೆ ಗೊತ್ತಿತ್ತು?

"ಹಾಡು ಕೊಡ್ತಿತ್ತು ನಿಮ್ಮ ಆಂಪ್ಲಿಫೈಯರು, ಈ ಹುಳ ಏನು ಕೊಡ್ತದ?" ಅಂತ ಗೆಳೆಯರು ಕೇಳಬಹುದು. ನಿಜ ಹೇಳಲೇ? ಆಡಿಯೋ ಹುಚ್ಚಿನಲ್ಲಿ ನಾನು ಒಂದು ಹಾಡನ್ನೂ ಪೂರ್ತಿ ಕೇಳಿದವನಲ್ಲ. ಭೀಮಸೇನರು ಆಲಾಪ ಶುರು ಮಾಡಿದ ಎರಡನೇ ನಿಮಿಷಕ್ಕೆ ಎದ್ದು ಮುಚ್ಚಳ ಬಿಚ್ಚುತ್ತಿದ್ದೆ. ಈಗ ಹಳೆಯ ಎಲ್‌ಎಂ3886 ಮುಚ್ಚಳ ಹಾಕಿಕೊಂಡು ಕಪಾಟಿನ ಮೇಲೆ ಕೂತಿದೆ. ರಾತ್ರಿ ಊಟವಾದ ಮೇಲೆ ಗಂಗೂಬಾಯಿಯವರನ್ನು ಹಚ್ಚಿದರೆ ಮುಗಿಯುವ ತನಕ ಇಬ್ಬರೂ ಕೇಳುತ್ತೇವೆ. ತಂಬೂರಿ ನನಗೆ ಅರ್ಧ ಕೇಳಿಸುತ್ತದೆ. ಉಳಿದರ್ಧ ನೆನಪಿನಿಂದ ತುಂಬಿಕೊಳ್ಳುತ್ತೇನೆ.

ಅಪಾಯದ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಆಂಪ್ಲಿಫೈಯರ್ ಕೆಟ್ಟರೆ ಫ್ಯೂಸ್ ಹೋಗುತ್ತದೆ, ಹೆಚ್ಚೆಂದರೆ ಮನೆಯವರ ಬೈಗುಳ. ಡ್ರೋನ್ ಕೆಟ್ಟರೆ ಬೇರೆಯವರ ತಲೆಯ ಮೇಲೆ ಬೀಳಬಹುದು. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವಾಗ ಪಕ್ಕದಲ್ಲಿ ಕೂತು ಕಾಯುತ್ತೇನೆ, ಹಾಲು ಕಾಯಿಸಿದ ಹಾಗೆ. ಸರ್ಕಾರದ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳಿವೆ. ಹಸಿರಿನಲ್ಲಿ 400 ಅಡಿ ತನಕ ಅನುಮತಿ ಬೇಕಿಲ್ಲ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆಯಾದರೆ 200 ಅಡಿ. ಮುಂಬಯಿ ಪೊಲೀಸರಂತೂ ಆಗಾಗ ಡ್ರೋನ್ ಹಾರಾಟ ನಿಷೇಧಿಸಿ ಆದೇಶ ಹೊರಡಿಸುತ್ತಲೇ ಇರುತ್ತಾರೆ. ಇಷ್ಟು ಜನ, ಇಷ್ಟು ಕಟ್ಟಡ, ನೆತ್ತಿಯ ಮೇಲೆ ವಿಮಾನ ಇರುವ ಊರಿನಲ್ಲಿ ಅದು ಸರಿಯೇ. ಗಚ್ಚಿನ ಮೇಲೆ, ಮದುವೆ ಮೆರವಣಿಗೆಯ ಮೇಲೆ ಹಾರಿಸುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಎರಡು ತಾಸು ಲೋಕಲ್ಲಿನಲ್ಲಿ, ರಿಕ್ಷಾದಲ್ಲಿ ಹೋಗಿ ಆರು ನಿಮಿಷ ಹಾರಿಸಿ ಬರುವುದು ಹುಚ್ಚುತನ ಅನ್ನಿಸಿದರೆ ಅನ್ನಿಸಲಿ. ಆ ಪ್ರಯಾಣದ ನೆಪದಲ್ಲಿ ಮನೆಯಿಂದ ಹೊರಗೆ ಬಂದೆ. ಹೊಲದವರ ಪರಿಚಯವಾಯಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಎಷ್ಟೋ ವರ್ಷದ ಮೇಲೆ ತಲೆ ಎತ್ತಿ ನೋಡಿದೆ.

ಈಗ ಕೊನೆಯ ಮಾತು, ಸ್ವಲ್ಪ ಖಾರ. ಊರು ಬಿಟ್ಟು ಬಂದು ಇಲ್ಲಿ ಸಂಘ ಕಟ್ಟಿದ ನಮ್ಮ ಪೀಳಿಗೆ ಕಷ್ಟಪಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಕಟ್ಟಿದ ಕುರ್ಚಿಯಲ್ಲೇ ಮೂವತ್ತು ವರ್ಷ ಕೂತು, "ಈಗಿನ ಹುಡುಗರು ಕಾರ್ಯಕ್ರಮಕ್ಕೆ ಬರೋದಿಲ್ಲ" ಅಂತ ಪ್ರತಿ ಸಭೆಯಲ್ಲೂ ಹಲುಬುತ್ತೇವೆ. ಬಂದ ಮಕ್ಕಳು ಕಿವಿ ಮುಚ್ಚಿಕೊಂಡರೆ ಯಾಕೆಂದು ಕೇಳುವುದಿಲ್ಲ, ಗದರಿಸುತ್ತೇವೆ. ನಾನು ಮಾಡಿದ್ದು ಅದನ್ನೇ. ಆ ಸೀಟಿ ನಿಜವಾಗಿಯೂ ಕೂಗುತ್ತಿತ್ತು, ಕೇಳಿಸದವನು ನಾನು.

2023ರ ರಾಜ್ಯೋತ್ಸವಕ್ಕೆ ಮಿಕ್ಸರನ್ನು ನಮ್ಮವರದೇ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿಗೆ ಒಪ್ಪಿಸಿದೆ. ಒಂದಿಬ್ಬರು ಹಿರಿಯರು ಮುಖ ಸಿಂಡರಿಸಿದರು. ಅವಳು ಶುರುವಿನಲ್ಲೇ ಎರಡು ಸ್ಪೀಕರುಗಳನ್ನು ಮೈಕಿನ ಮುಂದಕ್ಕೆ ಸರಿಸಿಬಿಟ್ಟಳು. ಇಷ್ಟು ವರ್ಷ ನನಗೆ ಹೊಳೆಯದ್ದೇನಲ್ಲ ಅದು. "ಇದ್ದಲ್ಲೇ ಇರಲಿ" ಎಂಬ ಮೊಂಡುತನ ಅಷ್ಟೇ. ನಾನು ಮಕ್ಕಳ ಸಾಲಿನ ಪಕ್ಕದಲ್ಲಿ ಹೋಗಿ ಕೂತೆ. ಹಿಂದಿನ ವರ್ಷ ನಾನು ಕೈ ಎಳೆದಿದ್ದ ಹುಡುಗನೂ ಅಲ್ಲಿದ್ದ. "ಈ ಸಲ ಕಿವಿ ನೋಯ್ತದೇನೋ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿ, "ಇಲ್ಲ ಅಂಕಲ್, ಇವತ್ತು ಚಲೋ ಐತಿ" ಅಂದ.

ಆ ಗೆಳೆಯರನ್ನು ಮುಂದಿನ ರವಿವಾರ ಹೊಲಕ್ಕೆ ಕರೆದಿದ್ದೇನೆ. ಗಾಳಿ ಕಡಿಮೆ ಇದ್ದರೆ ಕಡ್ಡಿ ಅವರ ಕೈಗೇ ಕೊಡುವ ವಿಚಾರ ಇದೆ. ಮೊದಲ ಸಲ ಬೀಳಿಸಿಯೇ ಬೀಳಿಸುತ್ತಾರೆ, ನಾಲ್ಕು ಜೊತೆ ಪ್ರೊಪೆಲ್ಲರು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿಯೂ ಯಾರಾದರೂ ಅರವತ್ತರ ಮೇಲೆ ಹೊಸದೇನಾದರೂ ಹಿಡಿದು, ಹುಡುಗರ ಕೈಲಿ ಪಾಠ ಹೇಳಿಸಿಕೊಂಡಿದ್ದೀರಾ? ಇದ್ದರೆ ಬರೆಯಿರಿ, ನಾನೊಬ್ಬನೇ ಅಲ್ಲ ಅಂತ ಮನೆಯವರಿಗೆ ತೋರಿಸಬೇಕು.